ಮಹಡಿ ಮನೆಯ ಹೊಸ ಕರಾರು

ಸುರಪುರದ ಬಜಾರಿನಲ್ಲಿ ಕಲ್ಯಾಣಮ್ಮನ ಮನೆಯ ಮಹಡಿಯಲ್ಲಿ ದರ್ಜಿ ಜಲಾಲುದ್ದೀನ ಹೆಂಡತಿ ಮಕ್ಕಳೊಂದಿಗೆ ಬಾಡಿಗೆಗಿದ್ದ. ರಜಾಕಾರರ ಹಾವಳಿಯ ವರ್ಷ ಕಲ್ಯಾಣಮ್ಮ ಮತ್ತು ಅವಳ ಗಂಡ ಶಾಂತಪ್ಪ ಮನೆಗೂ ಕಿರಾಣಿ ಅಂಗಡಿಗೂ ಬೀಗ ಹಾಕಿ, ಗಡಿ ದಾಟಿ ಬಾಗಲಕೋಟೆಯ ಕಡೆ ಹೋಗಿದ್ದರು. ಅವರು ಬರುವವರೆಗೂ ಜಲಾಲುದ್ದೀನ ಹೊಲಿಗೆ ಯಂತ್ರವನ್ನು ಕೆಳಗಿನ ಕಟ್ಟೆಗೆ ತಂದಿಟ್ಟುಕೊಂಡು ಅಲ್ಲೇ ದುಡಿದ, ಅಲ್ಲೇ ಮಲಗಿದ. ಬೀಗ ಒಡೆಯಲು ಬಂದವರಿಗೆ ಇದು ನನ್ನದೇ ಮನೆ ಎಂದು ಸುಳ್ಳು ಹೇಳಿ ಕಳಿಸಿದ. ನಿಜಾಮರ ಆಳ್ವಿಕೆ ಮುಗಿದು ಗಂಡಹೆಂಡತಿ ಮರಳಿದಾಗ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಮುಂದೆ ಕರಾರು ಬರೆಸುವಾಗ ಶಾಂತಪ್ಪ ಹಳೆಯ ಬಾಡಿಗೆಯನ್ನೇ ಉಳಿಸಿದ.

ಆ ಕರಾರು ಐವತ್ತೇಳರಲ್ಲಿ ಮುಗಿಯಿತು. ಅಷ್ಟರಲ್ಲಿ ಶಾಂತಪ್ಪ ತೀರಿಕೊಂಡಿದ್ದ, ಅಂಗಡಿ ಮುಚ್ಚಿತ್ತು. ಊರು ಮೈಸೂರು ರಾಜ್ಯಕ್ಕೆ ಸೇರಿ ಕಚೇರಿಗಳಿಗೆ ಹೊಸ ನೌಕರರು ಬರತೊಡಗಿದ್ದರು. ಅವರಲ್ಲೊಬ್ಬ ಗುಮಾಸ್ತ ಮಹಡಿ ಕೇಳಿಕೊಂಡು ಬಂದು ಎರಡು ಪಟ್ಟು ಬಾಡಿಗೆ ಕೊಡುತ್ತೇನೆಂದ. ಕಲ್ಯಾಣಮ್ಮನಿಗೆ ಬೇರೆ ಆದಾಯವಿರಲಿಲ್ಲ. ಆದರೂ ಯೋಚಿಸಿ ಹೇಳುತ್ತೇನೆಂದು ಕಳಿಸಿದಳು. ಜೋಳ, ಎಣ್ಣೆ ಕೊಳ್ಳಲು ಹೋದಾಗ ಗುಮಾಸ್ತನ ಮಾತು ನೆನಪಾಗುತ್ತಿತ್ತು. ಮನೆಗೆ ಬಂದು ಬಾಗಿಲು ತೆಗೆಯುವಾಗ ಜಲಾಲುದ್ದೀನ ನೆನಪಾಗುತ್ತಿದ್ದ.

ಕಡೆಗೊಂದು ಮಧ್ಯಾಹ್ನ ಮೆಟ್ಟಿಲು ಹತ್ತಿದಳು. ಗುಮಾಸ್ತ ಬಂದುಹೋದ ಸಂಗತಿ ಹೇಳಿದಳು, ಆದರೆ ಬಾಡಿಗೆ ಹೆಚ್ಚಿಸುವ ಮಾತೆತ್ತಲಿಲ್ಲ. ಜಲಾಲುದ್ದೀನ ಯಂತ್ರ ನಿಲ್ಲಿಸಿದ.

“ಅಕ್ಕಾರ, ಬಾಡಗಿ ಮಾತು ಯಾವಾಗ ತೆಗಿತೀರಿ ಅಂತ ಕಾಯಾಕತ್ತಿದ್ದೆ.”

“ಬ್ಯಾಸರ ಮಾಡ್ಕೋಬ್ಯಾಡ ಭಾಯಿ. ನೀ ಮಾಡಿದ್ದು ನಾ ಮರ್ತಿಲ್ಲ,” ಎಂದಳು ಕಲ್ಯಾಣಮ್ಮ.

“ಅವತ್ತು ಕೂಲಿ ಸಿಗತದ ಅಂತ ನಿಮ್ಮ ಬಾಗಲಾ ಕಾಯಲಿಲ್ರಿ. ಹಳೇ ಬಾಡಗಿ ಕೊಟ್ಟಾಗೆಲ್ಲ ಕೂಲಿ ಇಸ್ಕೊಂಡಂಗ ಆಗತದ ನನಗ.”

ಕಲ್ಯಾಣಮ್ಮ ಹೊಸ್ತಿಲ ಬಳಿ ಕೂತುಬಿಟ್ಟಳು. ತಾವು ತೋರಿಸುತ್ತ ಬಂದ ದೊಡ್ಡತನ ಇವನಿಗೆ ಭಾರವಾಗಿರಬಹುದೆಂದು ಅವಳಿಗೆ ಎಂದೂ ಹೊಳೆದಿರಲಿಲ್ಲ.

ಇಡೀ ಮಹಡಿಗೆ ಗುಮಾಸ್ತ ಹೇಳಿದಷ್ಟು ಬಾಡಿಗೆ ಕೊಡುವ ಶಕ್ತಿ ಅವನಿಗಿರಲಿಲ್ಲ. ಅವನನ್ನು ಹೋಗೆನ್ನುವ ಮನಸ್ಸು ಅವಳಿಗಿರಲಿಲ್ಲ. ದಾರಿಯನ್ನು ಅವನೇ ಹೇಳಿದ. ತನ್ನ ಮಕ್ಕಳ ಮದುವೆಯಾಗಿದೆ, ತನಗೂ ಹೆಂಡತಿಗೂ ಬೀದಿ ಕಡೆಯ ಕೋಣೆ ಮತ್ತು ಪಕ್ಕದ ಅಡುಗೆಮನೆ ಸಾಕು, ಹಿಂದಿನ ಭಾಗ ಗುಮಾಸ್ತನಿಗಿರಲಿ ಎಂದ. ಆದರೆ ತನ್ನ ಕೋಣೆಗೆ ಬಜಾರಿನ ದರವನ್ನೇ ಹಿಡಿಯಬೇಕೆಂದು ಹಟ ಮಾಡಿದ. ಹಾಗೆಯೇ ಕರಾರಾಯಿತು. ಕೆಳಗಿಳಿದ ಕಲ್ಯಾಣಮ್ಮನಿಗೆ ಹಗುರವೆನಿಸಿತು. ಜೊತೆಗೆ, ಇಷ್ಟು ವರ್ಷ ತಮ್ಮವನಾಗಿದ್ದವನು ಬರಿಯ ಬಾಡಿಗೆದಾರನಾದನೆಂದು ಬೇಸರವೂ ಆಯಿತು.

ಮುಂಗಾರಿನ ಮೊದಲ ಮಳೆಯ ಮರುದಿನ ಜಲಾಲುದ್ದೀನ ಕೆಳಗೆ ಬಂದ.

“ಅಕ್ಕಾರ, ಮಾಳಗಿ ಸೋರಾಕತ್ತದ. ಮಣ್ಣು ಹಾಕಿಸಿಕೊಡ್ರಿ.”

ಯಾವಾಗಿನಿಂದ ಎಂದು ಅವಳು ಕೇಳಿದಳು.

“ಭಾಳ ವರ್ಷ ಆತ್ರಿ. ಹಳೇ ಬಾಡಗಿ ಕೊಟ್ಕೋತ ಕೇಳಾಕ ಬಾಯಿ ಬರತಿರಲಿಲ್ಲ.”

ಕಲ್ಯಾಣಮ್ಮ ಅಂದೇ ಆಳುಗಳಿಗೆ ಹೇಳಿ ಕಳಿಸಿದಳು. ಅವರು ಮಣ್ಣು ಹೊತ್ತು ತಂದಾಗ ತಾನೂ ಮಹಡಿಯ ಮೇಲಿನ ಮಣ್ಣಿನ ಮಾಳಿಗೆ ಹತ್ತಿ, ಎಲ್ಲೆಲ್ಲಿ ಸೋರುತ್ತದೆಂದು ಜಲಾಲುದ್ದೀನನನ್ನೇ ಕೇಳಿ ಕೇಳಿ ಹಾಕಿಸಿದಳು.