ಗೂಟದ ಮಿಷನ್ನು

ಟಿಂಕರನ ಎಡಗೈಗೆ ಹಿಡಿತ ಇರಲಿಲ್ಲ. ಜಾಕ್ ಜಾರಿ ಕಾರಿನ ಅಂಚು ಮಣಿಕಟ್ಟಿನ ಮೇಲೆ ಕೂತಂದಿನಿಂದ ಬೆರಳುಗಳು ಮಡಚುತ್ತಿದ್ದವು, ಏನನ್ನೂ ಹಿಡಿಯುತ್ತಿರಲಿಲ್ಲ. ನಜ್ಜುಗುಜ್ಜಾದ ಕಾರಿನ ತಗಡು ನೆಟ್ಟಗೆ ಮಾಡುವವನಿಗೆ ಎಡಗೈ ಬೇಕೇ ಬೇಕು. ಬಲಗೈ ಹೊರಗಿನಿಂದ ಸುತ್ತಿಗೆ ಹೊಡೆಯುವಾಗ ಎಡಗೈ ಒಳಗಿನಿಂದ ಡಾಲಿಯನ್ನು ಒತ್ತಿ ಹಿಡಿದಿರಬೇಕು. ಡಾಲಿ ಎಂದರೆ ಅಂಗೈ ತುಂಬುವ ನುಣುಪಾದ ಉಕ್ಕಿನ ಗಟ್ಟಿ. ಅವನದು ಎರಡೇಟಿಗೆ ಜಾರಿ ಕಾಲ ಮೇಲೆ ಬೀಳುತ್ತಿತ್ತು.

ಗಿರಾಕಿಗಳು ಒಬ್ಬೊಬ್ಬರಾಗಿ ಎದುರು ಸಾಲಿನ ಅಂಗಡಿಗೆ ದಾಟಿದರು. ಉಳಿದವರು ಹಲ್ಲಿನ ಡಾಕ್ಟರು ಒಬ್ಬರೇ. ತಮ್ಮ ಹಳೆಯ ಕಾರಿನ ತಗ್ಗು ಬಿದ್ದ ಮಡ್ಗಾರ್ಡ್ ಬಿಚ್ಚಿಸಿ ಕೊಟ್ಟು, ಶನಿವಾರ ಸಂಜೆ ಬರುತ್ತೇನೆಂದು ಹೋಗಿದ್ದರು.

“ಇದೂ ಕೆಟ್ಟರೆ ಶಟರ್ ಎಳೆದು ಬೀಗ ಜಡಿತೀನಿ,” ಎಂದ ಟಿಂಕರ್.

“ಜಡೀರಿ. ಆಮೇಲೆ ದಿನವಿಡೀ ಮನೇಲಿ ಕೂತು ನನ್ನ ತಲೆ ತಿನ್ನಿ,” ಎಂದಳು ಹೆಂಡತಿ. ಮಾತು ತಮಾಷೆಯದು, ಮುಖ ಮಾತ್ರ ಸಪ್ಪಗಿತ್ತು.

ಪಕ್ಕದ ಓಣಿಯಲ್ಲಿ ಲೇತ್ ಅಂಗಡಿ ಇಟ್ಟಿದ್ದ ಅವನ ತಂಗಿ ಶುಕ್ರವಾರ ಬೆಳಿಗ್ಗೆ ಬಂದಳು. ಅಣ್ಣನ ಕೈ ನೋಡಲಿಲ್ಲ, ಮಡ್ಗಾರ್ಡೂ ನೋಡಲಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಚಕ್ರದ ಮಿಷನ್ನಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಆಕಳಿಸುವ ಬಾಯಿಯಂಥ ಆಳೆತ್ತರದ ಕಬ್ಬಿಣದ ಚೌಕಟ್ಟು. ಮೇಲ್ದವಡೆಯಲ್ಲೊಂದು ದೊಡ್ಡ ಚಕ್ರ, ಕೆಳದವಡೆಯಲ್ಲೊಂದು ಚಿಕ್ಕದು. ನಡುವೆ ತಗಡು ತೂರಿಸಿ ಹಿಂದೆ ಮುಂದೆ ಆಡಿಸಿದರೆ ಅದಕ್ಕೆ ಬಾಗು ಬರುತ್ತದೆ.

“ಎರಡೂ ಚಕ್ರ ಕಿತ್ತುಬಿಡ್ತೀನಿ,” ಎಂದಳು.

“ಹುಚ್ಚು ಹಿಡಿದಿದೆಯೇನೇ?”

“ಕೆಳಗಡೆ ಚೌಕದ ತೂತಿರೋ ಕಂಬ ಕೂರಿಸ್ತೀನಿ. ನಿನ್ನ ಗೂಟಗಳು ಅದರೊಳಗೆ ಇಳೀತವೆ. ಇನ್ಮೇಲೆ ಅದೇ ನಿನ್ನ ಎಡಗೈ. ನೋವು ಅನ್ನಲ್ಲ, ರಜೆ ಕೇಳಲ್ಲ.”

ಬುಡ ಚೌಕ, ತಲೆ ದುಂಡಗೋ ಚಪ್ಪಟೆಯೋ ಇರುವ ಕಬ್ಬಿಣದ ತುಂಡಿಗೆ ಅವರು ಗೂಟ ಎನ್ನುತ್ತಿದ್ದರು. ತಗಡನ್ನು ಅದರ ತಲೆಯ ಮೇಲಿಟ್ಟು ಬಡಿಯುವುದು. ಇಷ್ಟು ದಿನ ಅವು ಮರದ ದಿಮ್ಮಿಯಲ್ಲಿ ನಿಂತಿದ್ದವು. ದಿಮ್ಮಿ ಗಿಡ್ಡ, ಮಡ್ಗಾರ್ಡ್ ನೆಲಕ್ಕೆ ತಾಗುತ್ತಿತ್ತು.

“ಮಂತ್ರಿಗಳ ಗೂಟದ ಕಾರು ಕೇಳಿದ್ದೆ,” ಎಂದಳು ಹೆಂಡತಿ. “ನಮ್ಮದು ಗೂಟದ ಮಿಷನ್ನು!”

ಗೂಟಗಳು ಸಲೀಸಾಗಿ ಕೂತವು. ತಕರಾರು ಬಂದದ್ದು ಡಾಲಿಗಳಿಂದ, ಅವಕ್ಕೆ ಬುಡವೇ ಇಲ್ಲ. ಚೌಕದ ಬುಡ ಬೆಸೆಯಲು ತಂಗಿ ವೆಲ್ಡಿಂಗ್ ಕನ್ನಡಕ ಏರಿಸಿದಳು.

“ನನ್ನ ಡಾಲಿಗೆ ಬಾಲ ಅಂಟಿಸ್ತೀಯಾ? ಇಷ್ಟು ವರ್ಷ ಅಂಗೈಯಲ್ಲಿ ಸಾಕಿದ್ದೀನಿ ಕಣೇ!”

“ಸಾಕಿದ್ದಕ್ಕೆ ಬಾಲ ಇರಬೇಕಲ್ಲಣ್ಣ.”

ಮೊದಲ ಏಟಿಗೆ ಇಡೀ ಚೌಕಟ್ಟು ಗುಂಯ್ ಎಂದಿತು, ಶೆಲ್ಫಿನಿಂದ ಸ್ಪ್ಯಾನರ್ ಬಿತ್ತು. ಡಾಲಿ ಕದಲಲಿಲ್ಲ. ಆದರೆ ಮೊದಲು ಡಾಲಿ ತಗ್ಗಿನ ಹತ್ತಿರ ಹೋಗುತ್ತಿತ್ತು, ಈಗ ತಗ್ಗೇ ಡಾಲಿಯ ಹತ್ತಿರ ಬರಬೇಕು. ಹೆಂಡತಿ ಸೆರಗು ಸಿಕ್ಕಿಸಿ ಮಡ್ಗಾರ್ಡಿನ ಎರಡೂ ಅಂಚು ಹಿಡಿದಳು.

“ಎಡಕ್ಕೆ. ಎಡಕ್ಕೆ ಕಣೇ!”

“ಯಾರ ಎಡ ರೀ? ನಿಮ್ಮದೋ ನನ್ನದೋ?”

“ಮಿಷನ್ನಿನ ಎಡ!”

“ಅದಕ್ಕೆಲ್ಲಿ ಮುಖ ಇದೆ, ಎಡ ಇರೋಕೆ?”

ಆಮೇಲೆ ಅವಳಿಗೆ ಕಿವಿಯೇ ಹೇಳತೊಡಗಿತು. ತಗಡಿನ ಅಡಿಗೆ ಡಾಲಿ ಇದ್ದರೆ ಟಣ್, ಇಲ್ಲದಿದ್ದರೆ ದಬ್. ದಬ್ ಕೇಳಿದೊಡನೆ ಅವಳು ಸರಿಸುತ್ತಿದ್ದಳು, ಅವನು ಹೊಡೆಯುತ್ತಿದ್ದ. ಟಣ್, ಟಣ್, ಟಣ್. ಇಬ್ಬರೂ ಮಿಷನ್ನಿನ ಸುತ್ತ ಗಿರಗಿರ ತಿರುಗಿದರು. ಅವಳಿಗೆ ನಗು ತಡೆಯಲಾಗಲಿಲ್ಲ, ಅವನು ನಗುತ್ತಲೇ ಇನ್ನಷ್ಟು ಹೊಡೆದ. ತಂಗಿ ಟೇಬಲ್ ಹತ್ತಿ ಕೂತು ಕಾಲಲ್ಲಿ ತಾಳ ಹಾಕಿದಳು. ಎದುರು ಅಂಗಡಿಯವರು ಇಣುಕಿ, ತಲೆ ಕೆಟ್ಟಿದೆ ಎಂದು ಹೋದರು.

ಶನಿವಾರ ಮಧ್ಯಾಹ್ನಕ್ಕೇ ತಗ್ಗು ಮಾಯವಾಗಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಡಾಲಿ ಕೈಯಲ್ಲಿದ್ದಾಗ ಕೈ ಸೋತು ತಾನೇ ನಿಲ್ಲಿಸುತ್ತಿತ್ತು. ಮಿಷನ್ನು ಸೋಲಲಿಲ್ಲ, ಇವರೂ ಬಿಡಲಿಲ್ಲ. ಸುತ್ತಿಗೆಗೂ ಡಾಲಿಗೂ ನಡುವೆ ಸಿಕ್ಕ ತಗಡು ಏಟಿಗಿಷ್ಟು ತೆಳುವಾಗಿ ಹಿಗ್ಗುತ್ತದೆ. ಟಿಂಕರನಿಗೆ ಇದು ಗೊತ್ತಿತ್ತು. ಆ ಖುಷಿಯಲ್ಲಿ ನೆನಪಾಗಲಿಲ್ಲ.

ಸಂಜೆ ಡಾಕ್ಟರು ಕ್ಲಿನಿಕ್ಕಿನ ಬಿಳಿ ಕೋಟಿನಲ್ಲೇ ಬಂದರು. ಮಡ್ಗಾರ್ಡನ್ನು ಕಾರಿಗೆ ಹಿಡಿದು ನೋಡಿದರು. ಆ ಕಡೆ ಹೋದರು, ಈ ಕಡೆ ಬಂದರು.

“ಈ ಕೆನ್ನೆ ಊದಿದೆಯಲ್ರೀ!”

ಎರಡು ಬೆರಳಗಲ ಉಬ್ಬಿತ್ತು. ಟಿಂಕರ್ ಸುತ್ತಿಗೆ ಕೆಳಗಿಟ್ಟು ಶಟರಿನ ಕಡೆ ನೋಡಿದ. ಹೆಂಡತಿಯ ನಗು ನಿಂತಿತು.

“ಊತ ಅಂದ ತಕ್ಷಣ ಹಲ್ಲು ಕೀಳಲ್ಲ ನಾನು,” ಎಂದರು ಡಾಕ್ಟರು. “ಇಳಿಸೋಕೆ ನಿಮ್ಮಲ್ಲೇನೂ ಔಷಧ ಇಲ್ವಾ?”

“ಇದೆ ಸಾರ್. ಬೆಂಕಿಯಲ್ಲಿ ಕಾಯಿಸಿ, ತಟ್ಟಿ, ತಕ್ಷಣ ಒದ್ದೆ ಬಟ್ಟೆ ಒತ್ತಿದ್ರೆ ಕುಗ್ಗುತ್ತೆ. ಏಳು ಕೈ ಬೇಕು. ನಮ್ಮ ಮೂವರದೂ ಸೇರಿ ಐದೇ,” ಎಂದ ಟಿಂಕರ್.

ಡಾಕ್ಟರು ತಮ್ಮ ಕೈಗಳನ್ನು ನೋಡಿಕೊಂಡು ಕೋಟಿನ ತೋಳು ಮಡಚಿದರು.

ತಂಗಿ ಗ್ಯಾಸ್ ಉರಿಯಿಂದ ನಾಣ್ಯದಗಲ ಕೆಂಪಗೆ ಕಾಯಿಸಿದಳು, ಹೆಂಡತಿ ಡಾಲಿಯ ಮೇಲೆ ಸರಿಸಿದಳು, ಟಿಂಕರ್ ಮೆತ್ತಗೆ ತಟ್ಟಿದ, ಡಾಕ್ಟರು ಒದ್ದೆ ಬಟ್ಟೆ ಒತ್ತಿದರು. ಚುಂಯ್!

“ಇನ್ನೊಂದು!” ಎಂದು ಕೂಗಿದವರು ಡಾಕ್ಟರೇ. ಹಬೆಯಲ್ಲಿ ಕನ್ನಡಕ ಮಂಜಾಗಿ ಯಾರದೋ ಭುಜ ಒತ್ತಿದರು. “ಸಾರ್, ಅದು ನಾನು!” ಎಂದು ತಂಗಿ ಕಿರುಚಿದಳು. ಟವೆಲ್ಲುಗಳೆಲ್ಲ ಸುಟ್ಟು ಮುಗಿದಾಗ ಡಾಕ್ಟರು ಕೋಟು ಬಿಚ್ಚಿ ಬಕೆಟ್ಟಿಗೆ ಅದ್ದಿದರು. ಉಬ್ಬು ಬೆರಳಗಲಕ್ಕೆ ಇಳಿಯಿತು, ಆಮೇಲೆ ಅರ್ಧಕ್ಕೆ, ಆಮೇಲೆ ಸಮವಾಯಿತು. ಟಿಂಕರ್ ಮತ್ತೆ ಸುತ್ತಿಗೆ ಎತ್ತಿದಾಗ ಮೂವರೂ ಒಟ್ಟಿಗೆ “ಸಾಕು!” ಎಂದರು.

ಮಡ್ಗಾರ್ಡ್ ಕಾರಿಗೆ ಸರಿಯಾಗಿ ಕೂತಿತು. ಬಾನೆಟ್ಟಿಗೂ ಸಣ್ಣದೊಂದು ತಗ್ಗಿದೆ, ಸೋಮವಾರ ತರುತ್ತೇನೆ ಎಂದರು ಡಾಕ್ಟರು. ತಾವೂ ಬರಬಹುದೇ ಎಂದು ಕೇಳಿದರು.

ಹೋದದ್ದು ಇಷ್ಟು: ಐದು ಟವೆಲ್, ಒಂದು ಬಿಳಿ ಕೋಟು, ಹೆಂಡತಿಯ ಎರಡು ಉಗುರು, ಮತ್ತು ಕ್ಲಿನಿಕ್ಕಿನ ಬೆಂಚಿನಲ್ಲಿ ಕೆನ್ನೆ ಹಿಡಿದು ಕಾದು ಕಾದು ಬೇರೆ ಡಾಕ್ಟರ ಹತ್ತಿರ ಎದ್ದುಹೋದ ನಾಲ್ಕು ರೋಗಿಗಳು.