ಹೊಲಿಗೆ ಅಕ್ಕನ ಮುಖ

ಮಗಳ ತಲೆ ಬಾಚುವುದು ಬಸ್ ಡ್ರೈವರನ ಕೈಗೆ ಇನ್ನೂ ಒಗ್ಗಿರಲಿಲ್ಲ. ಬೈತಲೆ ಎತ್ತಲೋ ಹೋಗುತ್ತಿತ್ತು. ಒಂದು ಜಡೆ ಬಿಗಿಯಾದರೆ ಇನ್ನೊಂದು ಸಡಿಲ. ಸ್ಕೂಲಿಗೆ ಹೊತ್ತಾಗಿತ್ತು. ಸ್ಟೂಲಿನ ಮೇಲೆ ಕೂತ ಹುಡುಗಿ ಮಾತ್ರ ಎದುರು ಗೋಡೆಯ ಫೋಟೋವನ್ನೇ ನೋಡುತ್ತಿದ್ದಳು.

"ಅಪ್ಪಾ, ಇವರು ಅಮ್ಮನ ಅಕ್ಕನಾ?"

"ಅಮ್ಮಾನೇ ಅಲ್ವಾ ಪುಟ್ಟಿ ಅದು!"

"ಅಮ್ಮನ ಹಾಗೇ ಇದಾರೆ. ಆದ್ರೆ ಅಮ್ಮ ಅಲ್ಲ."

ಬಾಚಣಿಗೆ ಹಿಡಿದ ಕೈ ಅಲ್ಲೇ ನಿಂತಿತು.

ಫೋಟೋದಲ್ಲಿದ್ದವಳು ಅವನ ಹೆಂಡತಿಯೇ. ಚಳಿಗಾಲದ ಶುರುವಿನಲ್ಲಿ ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕುಸಿದವಳು ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಆ ಫೋಟೋವನ್ನು ಅವಳ ಫೋನಿನಿಂದಲೇ ತೆಗೆದು ಕಟ್ಟು ಹಾಕಿಸಿದ್ದ. ಆ ಫೋನಿನಲ್ಲಿ ವಿಡಿಯೋ ಮಾಡಿ ಅವಳು ಊರೂರಿನವರಿಗೆ ಹೊಲಿಗೆ ಕಲಿಸುತ್ತಿದ್ದಳು. ನೋಡುವವರೆಲ್ಲ 'ಹೊಲಿಗೆ ಅಕ್ಕ' ಎಂದೇ ಕರೆಯುತ್ತಿದ್ದರು. ಆ ಅಕ್ಕನ ಮುಖ ನುಣುಪಾದ, ಒಂದೇ ಬಣ್ಣದ ಮುಖ. ಮನೆಯಲ್ಲಿದ್ದವಳ ಮುಖ ಹಾಗಿರಲಿಲ್ಲ. ಅವಳಿಗೆ ಚಿಕ್ಕಂದಿನಿಂದ ತೊನ್ನು. ಕೆನ್ನೆ, ತುಟಿ, ಕತ್ತಿನ ಮೇಲೆಲ್ಲ ಬಿಳಿ ಮಚ್ಚೆಗಳು.

ಅವಳು ಕೆಲಸಕ್ಕಿದ್ದ ಹೊಲಿಗೆ ಅಂಗಡಿಯಲ್ಲಿ ಒಮ್ಮೆ ಅಳತೆ ತೆಗೆಯಲು ಹೋದಾಗ ಗಿರಾಕಿಯೊಬ್ಬಳು ಮೈ ಮುದುರಿಕೊಂಡು ಹಿಂದೆ ಸರಿದಿದ್ದಳು. ಮಾರನೆಯ ದಿನ ಮಾಲೀಕ, "ಒಳಗಡೆ ಗಾಳಿ ಚೆನ್ನಾಗಿದೆಯಮ್ಮ" ಎಂದು ಅವಳ ಯಂತ್ರವನ್ನು ಹಿಂದಿನ ಕೋಣೆಗೆ ಸಾಗಿಸಿದ್ದ. ಅಲ್ಲಿ ಕಿಟಕಿಯೇ ಇರಲಿಲ್ಲ. ಫೋನ್ ಒಂದೇ ಅವಳನ್ನು ಎಲ್ಲರ ಮುಂದೆ ಕೂರಿಸಿತು. ಪರದೆಯ ಒಂದು ಕಡೆ ಬೆರಳಿಟ್ಟರೆ ಸಾಕು, ಮಚ್ಚೆಗಳೆಲ್ಲ ಮಾಯ.

ಆ ಸಂಜೆ ಡ್ರೈವರ್ ಫೋನಿನ ಫೋಟೋಗಳನ್ನೆಲ್ಲ ತಡಕಾಡಿದ. ಮದುವೆಯದು, ಹೆರಿಗೆಯಾದ ಮೇಲಿನದು, ಮಗಳಿಗೆ ಊಟ ಮಾಡಿಸುತ್ತಿದ್ದದ್ದು, ಎಲ್ಲದರಲ್ಲೂ ಅದೇ ನುಣುಪು ಮುಖ. ಹಳೆಯವನ್ನೂ ಅವಳು ಬಿಡದೆ ತಿದ್ದಿಟ್ಟಿದ್ದಳು. ತಿದ್ದದ ಒಂದೇ ಒಂದು ಚಿತ್ರವೂ ಸಿಗಲಿಲ್ಲ. ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದ. ಬಂದದ್ದು ಗೋಡೆಯ ಮೇಲಿನ ಮುಖವೇ. ದೊಡ್ಡ ಮಚ್ಚೆ ಇದ್ದದ್ದು ಎಡಗೆನ್ನೆಯ ಮೇಲೋ, ಬಲಗೆನ್ನೆಯ ಮೇಲೋ? ಇಷ್ಟು ವರ್ಷ ಜೊತೆಗೆ ಉಂಡು ಮಲಗಿದವನಿಗೆ ಅದು ಹೊಳೆಯಲಿಲ್ಲ. ಅವನಿಗೆ ತನ್ನ ಬಗ್ಗೆಯೇ ಭಯವಾಯಿತು.

ಅವನ ಬಸ್ಸಿನ ಕೊನೆಯ ಸ್ಟಾಪಿನ ಎದುರಿಗೆ ಗ್ರಂಥಾಲಯವಿತ್ತು. 'ನಿಮ್ಮವರ ಮುಖ ನೀವೇ ಬರೆಯಿರಿ' ಎಂಬ ಬೋರ್ಡು ಕೆಲವು ದಿನಗಳಿಂದ ಬಾಗಿಲಲ್ಲಿ ನಿಂತಿತ್ತು. ಮರುದಿನ ಟೀ ಬಿಡುವಿನಲ್ಲಿ ಒಳಗೆ ಹೋದ. ಅಲ್ಲಿನ ಹಾಲ್‌ನ ಗೋಡೆಗಳ ಮೇಲೆಲ್ಲ ಜನ ಫೋನಿನಲ್ಲಿ ಹಾಕಿಕೊಳ್ಳುವ ಫೋಟೋಗಳು, ಆಳೆತ್ತರಕ್ಕೆ ಹಿಗ್ಗಿಸಿದವು. ಪ್ರತಿಯೊಂದರ ಮೇಲೂ ತೆಳುವಾದ ಪಾರದರ್ಶಕ ಹಾಳೆ. ಫೋಟೋದಲ್ಲಿ ಕಾಣದ್ದನ್ನು ಬಲ್ಲವರು ಬಂದು ಆ ಹಾಳೆಯ ಮೇಲೆ ಬರೆಯಬೇಕು. ಒಬ್ಬ ಹೆಂಗಸು ಗಂಡನ ಚಿತ್ರಕ್ಕೆ ಹುರುಪಿನಿಂದ ಬೊಕ್ಕತಲೆ ಬರೆಯುತ್ತಿದ್ದಳು. "ಫೋನಲ್ಲಿ ಮೂವತ್ತು, ನಮ್ಮನೇಲಿ ಅರವತ್ತು!" ಎಂದಳು. ಪಕ್ಕದಲ್ಲೇ ನಿಂತಿದ್ದ ಗಂಡ ತಲೆ ಸವರಿಕೊಂಡು ನಕ್ಕ.

ಇದನ್ನೆಲ್ಲ ಏರ್ಪಡಿಸಿದ್ದ ಚಿತ್ರಕಲೆಯ ಮೇಡಂ ಡ್ರೈವರನ ಮಾತು ಕೇಳಿ ಕೈಯಲ್ಲಿದ್ದ ಕ್ರೇಯಾನ್ ಡಬ್ಬಿಯನ್ನು ಕೆಳಗಿಟ್ಟರು.

"ಫೋಟೋದಲ್ಲಿರೋರು ಒಪ್ಪಿದ್ರೆ ಮಾತ್ರ ನಾವು ಬರೆಸೋದು. ಅವರೇ ಇಲ್ಲ ಅಂದ್ರೆ… ಅವರ ಅಮ್ಮ ಇದಾರಾ? ಒಂದು ಮಾತು ಕೇಳಿ."

ಆ ಸಂಜೆ ಅವರ ಮನೆಗೆ ಹೋಗಿ ಕೇಳಿದರೆ ಅತ್ತೆ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

"ಬೇಡ. ಬದುಕಿದ್ದಾಗ ಜನ ನನ್ನ ಮಗಳನ್ನ ನೋಡ್ಲಿಲ್ಲ, ಬರೀ ಮಚ್ಚೆ ನೋಡಿದ್ರು. ಫೋನಲ್ಲಾದ್ರೂ ಅವಳು ತಲೆ ಎತ್ತಿ ಮಾತಾಡಿದ್ಲು. ಈಗ ನಾಲ್ಕು ಜನರ ಮುಂದೆ ಅದನ್ನೇ ತೋರಿಸ್ತೀರಾ? ಆ ಮುಖ ಅವಳೇ ಆರಿಸ್ಕೊಂಡಿದ್ದು."

"ಅವಳೇ ಆರಿಸ್ಕೊಂಡ್ಲಾ ಅತ್ತೆ? ಪೌಡರ್ ಬಳ್ಕೊಳ್ದೆ ಹೊಸಿಲು ದಾಟಬೇಡ ಅಂದಿದ್ದು ಯಾರು?"

ಅಂದ ಮೇಲೆ ಅವನಿಗೆ ಅನ್ನಬಾರದಿತ್ತು ಎನಿಸಿತು. ಅತ್ತೆ ಮಾತ್ರ ಕಣ್ಣು ತಗ್ಗಿಸಲಿಲ್ಲ.

"ನಾನೇ ಅಂದಿದ್ದು. ಆಡೋಕೆ ಹೋದ ಮಗು ದಿನಾ ಅಳ್ತಾ ಬರ್ತಿತ್ತು. ಊರಿನ ಬಾಯಿ ಮುಚ್ಚಿಸೋಕೆ ನನ್ನ ಕೈಲಾಗ್ಲಿಲ್ಲ. ಮಗಳ ಮುಖ ಮುಚ್ಚಿಸಿದೆ. ನೀವಾಗಿದ್ರೆ ಏನ್ಮಾಡ್ತಿದ್ರಿ?"

ಅವನು ಎದ್ದ. ಬಾಗಿಲವರೆಗೆ ಹೋದವನು ಹಿಂದಿರುಗಿ ಹೇಳಿದ: "ಪುಟ್ಟಿ ಅವಳನ್ನ ಮರೀತಾ ಇದಾಳೆ ಅತ್ತೆ. ನಂಗೂ… ಯಾವ ಕೆನ್ನೆ ಅಂತ ಜ್ಞಾಪಕ ಬರ್ತಿಲ್ಲ."

ಅತ್ತೆ ಗೋಡೆಯ ಕಡೆಗೆ ಮುಖ ತಿರುಗಿಸಿದರು.

ಎರಡು ದಿನದ ಮೇಲೆ ಅವರೇ ಫೋನ್ ಮಾಡಿ, "ಆ ಹಾಲ್ ಯಾವತ್ತು ತೆಗೆದಿರತ್ತೆ?" ಎಂದಷ್ಟೇ ಕೇಳಿದರು. ಭಾನುವಾರ ಮೂವರೂ ಹೋದರು. ಮೇಡಂ ಮೊದಲೇ ಫೋಟೋ ಹಿಗ್ಗಿಸಿ ಅಂಟಿಸಿದ್ದರು. ಅತ್ತೆ ಹಾಳೆಯ ತುದಿ ಹಿಡಿದು ಮೇಲೆತ್ತಿದರು, ಕೆಳಗಿನ ಚಿತ್ರವನ್ನು ಮುಟ್ಟಿದರು, ಮತ್ತೆ ಹಾಳೆ ಬಿಟ್ಟರು.

"ಕೆಳಗಿಂದು ಹಾಳಾಗಲ್ಲ ತಾನೆ?"

"ಇಲ್ಲಮ್ಮ. ಅದು ಅವರಿಟ್ಟ ಹಾಗೇ ಇರತ್ತೆ."

ಅತ್ತೆ ಬಿಳಿ ಕ್ರೇಯಾನ್ ತೆಗೆದುಕೊಂಡರು. ತುದಿಯನ್ನು ಹಾಳೆಗೆ ತಾಗಿಸಿದರು. "ಬಲಗೆನ್ನೆ," ಎಂದರು, ಅಳಿಯನ ಕಡೆಗೆ ನೋಡದೆ. "ಇಲ್ಲಿ, ಕಿವಿ ಹತ್ರ ಮೊದಲು ಕಂಡಿದ್ದು. ಸ್ನಾನ ಮಾಡಿಸ್ತಿದ್ದೆ. ಸೋಪಿನ ನೊರೆ ಅಂದ್ಕೊಂಡು ಉಜ್ಜಿದೆ. ಹೋಗ್ಲಿಲ್ಲ ಅಂತ ಇನ್ನೂ ಉಜ್ಜಿದೆ. ಅಮ್ಮಾ ಉರಿ, ಅಮ್ಮಾ ಉರಿ ಅಂತಿತ್ತು ಮಗು."

ಮುಂದೆ ಅವರ ಕೈ ಒಂದು ಸಲವೂ ತಡೆಯಲಿಲ್ಲ. ಕೆನ್ನೆ, ಗಲ್ಲ, ಕತ್ತು, ಒಂದಾದ ಮೇಲೊಂದು ಮಚ್ಚೆ ತನ್ನ ಜಾಗದಲ್ಲಿ ಬಂದು ಕೂತಿತು. "ಅಜ್ಜಿ, ನೀನು ತುಟಿ ಹತ್ರದ್ದು ಮರ್ತೆ," ಎಂದಳು ಹುಡುಗಿ. ಅದನ್ನು ಡ್ರೈವರ್ ಬರೆದ. ಅದೊಂದು ಅವನಿಗೆ ಈಗ ಚೆನ್ನಾಗಿ ನೆನಪಿತ್ತು. ಬರೆದು ಹಿಂದೆ ಸರಿದು ನೋಡಿದ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವಳು ಹೋದ ದಿನವೂ ಅಳದಿದ್ದವನು ಅಷ್ಟು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತ.

"ಇದು… ಹೊಲಿಗೆ ಅಕ್ಕ ಅಲ್ವಾ?"

ಹಿಂದೆ ಒಬ್ಬಳು ಕಾಲೇಜು ವಯಸ್ಸಿನ ಹುಡುಗಿ ನಿಂತಿದ್ದಳು. ಫ್ಯಾನಿನ ಕೆಳಗೂ ಬೆವರುತ್ತಿದ್ದಳು. ಅಂಗೈಗಳನ್ನು ಅಂಗಿಯ ಉದ್ದ ತೋಳಿನೊಳಗೆ ಎಳೆದುಕೊಂಡಿದ್ದಳು.

"ಅಕ್ಕಂಗೂ ಇತ್ತಾ?" ಎಂದಳು ಮೆಲ್ಲಗೆ. "ಅವರನ್ನ ನೋಡ್ಕೊಂಡೇ ನಾನು ಹೊಲಿಗೆ ಕಲಿತಿದ್ದು. ನೀನೂ ವಿಡಿಯೋ ಮಾಡು ಅಂತ ಎಲ್ರೂ ಹೇಳೋರು. ಅಕ್ಕನಂಥ ಮುಖ ಇದ್ದೋರು ಮಾಡ್ತಾರೆ, ನಂಗ್ಯಾಕೆ ಅಂತ ಸುಮ್ಮನಾದೆ. ಗೊತ್ತಿದ್ದಿದ್ರೆ ಅವರಿಗೆ ಒಂದು ಮಾತು ಬರೀತಿದ್ದೆ."

ಡ್ರೈವರ್ ಮತ್ತೆ ಗೋಡೆಯ ಮುಖದ ಕಡೆಗೆ ತಿರುಗಿದ. ಆ ಒಂದು ಮಾತು ಬಂದಿದ್ದರೆ ಅವನ ಹೆಂಡತಿ ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕೂತು ಅದನ್ನು ಎಷ್ಟು ಸಲ ಓದಿಕೊಳ್ಳುತ್ತಿದ್ದಳೋ.

ಅತ್ತೆ ಕ್ರೇಯಾನ್ ಕೆಳಗಿಟ್ಟು, ಆ ಹುಡುಗಿಯ ಕೈಯನ್ನು ಅಂಗಿಯ ತೋಳಿನಿಂದ ಮೆಲ್ಲಗೆ ಹೊರತೆಗೆದು ತಮ್ಮ ಎರಡೂ ಕೈಗಳಲ್ಲಿ ಇಟ್ಟುಕೊಂಡರು. ಬೆರಳುಗಳ ಮೇಲಿನ ಬಿಳುಪಿನ ಬಗ್ಗೆ ಏನೂ ಕೇಳಲಿಲ್ಲ. ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿದರು.

"ಏನೇನು ಹೊಲೀತೀಯಮ್ಮ?" ಎಂದರು. "ನಿಧಾನಕ್ಕೆ ಹೇಳು. ನಂಗೇನೂ ಅವಸರ ಇಲ್ಲ."