ಹೊರಗಿನ ಮೂರು ದಿನ

“ಅತ್ತೆ, ನಾನು ಹೊರಗಾದೆ.”

ಅಕ್ಕಿ ಆರಿಸುತ್ತಿದ್ದ ಭೀಮಕ್ಕ ಕೈ ನಿಲ್ಲಿಸಿ ಸೊಸೆಯ ಮುಖ ನೋಡಿದಳು. “ಅಮಾಸೆಗೆ ಆಗಿದ್ಯಲ್ಲೇ! ಇನ್ನೂ ಹುಣ್ಣಿಮೆ ಬಂದಿಲ್ಲ.”

“ಏನೋ ಗೊತ್ತಿಲ್ಲ, ಆಗೈತೆ,” ಎಂದ ದುರ್ಗಾಂಬಿಕಾ ಲ್ಯಾಪ್‌ಟಾಪು, ಚಾರ್ಜರು ಎತ್ತಿಕೊಂಡು ಹಿತ್ತಲ ಕೋಣೆಗೆ ನಡೆದಳು. ಆಗಿರಲಿಲ್ಲ. ಎರಡು ವರ್ಷದ ಸಂಸಾರದಲ್ಲಿ ಅತ್ತೆಗೆ ಹೇಳಿದ ಮೊದಲ ಸುಳ್ಳು, ಅದೂ ಎಂಥಾ ಸುಳ್ಳು! ಮುಟ್ಟಾಗಿಯೂ ಆಗಿಲ್ಲ ಅಂದರೆ ಪಾಪ ಎಂದು ಎಲ್ಲರೂ ಹೇಳುತ್ತಾರೆ. ಆಗದೇ ಆಗಿದ್ದೇನೆ ಅಂದರೆ ಏನು ಗತಿ ಎಂದು ಯಾವ ಹಿರಿಯರೂ ಹೇಳಿಟ್ಟಿಲ್ಲ.

ಅವಳ ಕೆಲಸ ದಾವಣಗೆರೆಯ ಒಂದು ಕಂಪನಿಯದು. ಜನ ಕೈಯಲ್ಲಿ ಬರೆದು ತುಂಬಿದ ವಿಮೆಯ ಫಾರಂಗಳನ್ನು ಕಂಪ್ಯೂಟರಿಗೆ ಏರಿಸಬೇಕು. ಮದುವೆಯಾಗಿ ಜಗಳೂರಿಗೆ ಬಂದ ಮೇಲೆ ಮನೆಯಿಂದಲೇ ಮಾಡಲು ಬಿಟ್ಟಿದ್ದರು. ಆದರೆ ಮನೆಯಿಂದ ಕೆಲಸ ಎನ್ನುವುದು ಈ ಮನೆಯಲ್ಲಿ ಒಬ್ಬರ ತಲೆಗೂ ಹತ್ತಲಿಲ್ಲ. “ಹೆಂಗಿದ್ರೂ ಮನೇಲೇ ಇದೀಯಲ್ಲ” ಎಂಬ ಒಂದೇ ಮಾತಿಗೆ ಹಾಲು ಕಾಯಿಸುವುದು, ಸಿಲಿಂಡರ್ ಇಳಿಸಿಕೊಳ್ಳುವುದು, ಬಂದವರಿಗೆಲ್ಲ ಟೀ ಕಾಸುವುದು, ಪಕ್ಕದ ಮನೆ ವನಜಾಕ್ಷಿಯ ಮೊಬೈಲಿಗೆ ಬಂದ ಓಟಿಪಿ ಓದಿ ಹೇಳುವುದು, ಎಲ್ಲವೂ ಅವಳ ಪಾಲಿಗೆ ಬಂದವು. ಲೈನ್‌ಮನ್ ಆಗಿದ್ದ ಗಂಡ ಕೆಂಚೇಶ್ ಕೂಡ ಡ್ಯೂಟಿಯಿಂದಲೇ ಫೋನು ಮಾಡಿ, “ನನ್ನ ಅಂಗಿ ಇಸ್ತ್ರಿಗೆ ಕೊಟ್ಯಾ?” ಎನ್ನುತ್ತಿದ್ದ.

ತಿಂಗಳ ಆ ಮೂರು ದಿನ ಮಾತ್ರ ಬೇರೆ. ಹಿತ್ತಲ ಕೋಣೆಯಲ್ಲಿ ಕೂತವಳನ್ನು ಯಾರೂ ಕರೆಯುವಂತಿಲ್ಲ, ಅವಳು ಏನನ್ನೂ ಮುಟ್ಟುವಂತಿಲ್ಲ. ಅಷ್ಟು ಸುಖ ಅವಳು ತವರಿನಲ್ಲೂ ಕಂಡಿರಲಿಲ್ಲ. ಸುಖವಾದಷ್ಟೂ ನಾಚಿಕೆ. ಕಾಲೇಜಿನಲ್ಲಿ ಇದೇ ಪದ್ಧತಿಯನ್ನು ಬೈದು ಭಾಷಣ ಮಾಡಿ ಮೊದಲ ಬಹುಮಾನ ಹೊಡೆದವಳು ಅವಳೇ!

ನಿನ್ನೆ ಕಂಪನಿಯ ಮೇಲಧಿಕಾರಿ ಸಂಧ್ಯಾರಾಣಿ ಫೋನು ಮಾಡಿದ್ದರು.

“ನಿಮ್ಮದೊಂದು ನಂಗೆ ಅರ್ಥ ಆಗ್ತಿಲ್ಲ ಕಣ್ರೀ. ತಿಂಗಳಲ್ಲಿ ಮೂರು ದಿನ ಇನ್ನೂರು ಫಾರಂ ಮಾಡ್ತೀರಿ. ಉಳಿದ ದಿನ ತೊಂಬತ್ತು ದಾಟಲ್ಲ. ಆ ಮೂರು ದಿನ ನಿಮ್ಮ ಬದಲು ಯಾರು ಬಂದು ಮಾಡ್ತಾರೆ?”

“ಯಾರೂ ಬರಲ್ಲ ಮೇಡಂ. ಆ ಮೂರು ದಿನ ಯಾರೂ ಬರಲ್ಲ, ಅದಕ್ಕೇ...”

“ಒಗಟು ಬೇಡ. ನಾಳೆ ಕ್ಯಾಮೆರಾ ಹಾಕ್ಕೊಂಡು ಇನ್ನೂರು ಮಾಡಿ ತೋರ್ಸಿ. ಆಗಲಿಲ್ವಾ, ಸೋಮವಾರದಿಂದ ಆಫೀಸಿಗೆ ಬನ್ನಿ.”

ಆಫೀಸು ಎಂದರೆ ದಿನಾ ದಾವಣಗೆರೆಯ ಬಸ್ಸು. ದಿನಾ ಬಸ್ಸು ಹತ್ತುವ ಸೊಸೆ ಬೇಡ ಎಂದು ಹೆಣ್ಣು ನೋಡಲು ಬಂದ ದಿನವೇ ಭೀಮಕ್ಕ ಹೇಳಿದ್ದಳು. ಇನ್ನೂರು ಆಗದಿದ್ದರೆ ಕೆಲಸ ಹೋದ ಹಾಗೇ.

ಮಧ್ಯಾಹ್ನಕ್ಕೆ ನೂರಾ ಹನ್ನೆರಡು ಮುಗಿದಿತ್ತು. ತಲೆ ಎತ್ತಿದರೆ ಬಾಗಿಲಲ್ಲಿ ಭೀಮಕ್ಕ. ಒಳ್ಳೆಯ ಸೀರೆ ಉಟ್ಟು ಕೈಯಲ್ಲಿ ಬ್ಯಾಗು ಹಿಡಿದಿದ್ದಳು. ದುರ್ಗಾಂಬಿಕಾ ಥಟ್ಟನೆ ಮೈಕು ಬಂದ್ ಮಾಡಿದಳು.

“ಎದ್ದೇಳು. ಒಂದು ಗಂಟೆ ಬಸ್ಸೈತೆ, ಡಾಕ್ಟ್ರಿಗೆ ತೋರಿಸಾನ.”

“ಈಗ ಬರಾಕಾಗಲ್ಲ ಅತ್ತೆ. ನಂಗೇನೂ ಆಗಿಲ್ಲ.”

“ನಮ್ಮಕ್ಕ ಸಿದ್ದಲಿಂಗಮ್ಮನೂ ಹಿಂಗೇ ಅಂತಿದ್ಲು. ತಿಂಗಳಿಗೆ ಎಲ್ಡು ಸಲ. ನಾವೂ ಸುಮ್ನಿದ್ವಿ. ಆರು ತಿಂಗಳಾಗೆ ಹೋಗೇಬಿಟ್ಲು.” ಭೀಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಕೆಲ್ಸ ಸುಡುಗಾಡಿಗೆ ಹೋಗ್ಲಿ, ಬಾರೇ ನನ್ನವ್ವ.”

ದುರ್ಗಾಂಬಿಕಾ ಲೆಕ್ಕ ಹಾಕಿದಳು. ನಿಜ ಹೇಳಿದರೆ ಈ ಕೋಣೆಯೂ ಹೋಗುತ್ತದೆ. ಹೇಳದಿದ್ದರೆ ಈ ಮುದುಕಿ ಹೆದರಿಯೇ ಸಾಯುತ್ತಾಳೆ.

“ಅತ್ತೆ, ನಾನು ಹೊರಗಾಗಿಲ್ಲ. ಸುಳ್ಳು ಹೇಳ್ದೆ.”

ಭೀಮಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೂಗಾಡಲೂ ಇಲ್ಲ. “ಯಾಕೆ?” ಎಂದಳು ಅಷ್ಟೆ.

“ಇವತ್ತು ಇಷ್ಟು ಮುಗಿಸ್ದಿದ್ರೆ ಕೆಲ್ಸ ಹೋಗ್ತೈತೆ. ಒಳಗೆ ಕೂತ್ರೆ ನೀವು ಮಾಡಾಕೆ ಬಿಡಲ್ಲ.”

“ನಾನಾ? ನಾನು ಯಾವತ್ತು ಬಿಡ್ಲಿಲ್ಲ?” ಭೀಮಕ್ಕ ನಿಜಕ್ಕೂ ನೊಂದುಕೊಂಡಳು. ತಾನು ಯಾವತ್ತು ಬೇಡ ಎಂದೆ ಎಂದು ನೆನಪು ಮಾಡಿಕೊಳ್ಳುತ್ತಾ ನಿಂತಳು. ಒಂದು ದಿನವೂ ನೆನಪಾಗಲಿಲ್ಲ.

ಅಷ್ಟರಲ್ಲಿ ಗೋಡೆಯಾಚೆಯಿಂದ ವನಜಾಕ್ಷಿಯ ಕೂಗು ಬಂತು. “ಭೀಮಕ್ಕಾ, ದುರ್ಗಾನ್ನ ಒಂಚೂರು ಕಳ್ಸು. ಓಟಿಪಿ ಬಂದೈತೆ!”

ಭೀಮಕ್ಕ ಎಂದಿನಂತೆ “ಬಂದ್ಲು ತಡಿ” ಎನ್ನಲು ಬಾಯಿ ತೆರೆದಳು. ಸೊಸೆಯನ್ನು ನೋಡಿದಳು.

“ಬರಾಕಾಗಲ್ಲ ಕಣೇ. ಹೊರಗಾಗ್ಯಾಳೆ!”

ಬೀದಿಗೇ ಕೇಳುವಷ್ಟು ಜೋರಾಗಿ ಹೇಳಿ, ತನ್ನ ಮಾತಿಗೆ ತಾನೇ ಬೆಚ್ಚಿ, ಬಿರಬಿರನೆ ಒಳಗೆ ಹೋದಳು.

ಐದು ಗಂಟೆಗೆ ಇನ್ನೂರಾ ಮೂರಾಯಿತು. ಸಂಧ್ಯಾರಾಣಿಯ ಮೆಸೇಜು ಬಂತು: ‘ತುಂಬಾ ಸಂತೋಷ. ಮನೆಯಿಂದಲೇ ಮಾಡಿ. ಆದರೆ ಇನ್ನು ಮೇಲೆ ದಿನಾ ಇನ್ನೂರು.’ ದುರ್ಗಾಂಬಿಕಾಳಿಗೆ ನಗು ಬಂತು, ಮರುಗಳಿಗೆಗೆ ಅಳು ಬಂತು.

“ಏನಂತೆ?” ಭೀಮಕ್ಕ ಹಿತ್ತಲಿಗೆ ಬಂದು ಕೇಳಿದಳು.

“ದಿನಾ ಇಷ್ಟೇ ಮಾಡಬೇಕಂತೆ ಅತ್ತೆ.”

“ದಿನಾ ಅಂದ್ರೆ, ತಿಂಗಳೆಲ್ಲಾನಾ?” ಭೀಮಕ್ಕ ಒಗೆಯುವ ಕಲ್ಲಿನ ಮೇಲೆ ಕುಸಿದಳು. “ತಿಂಗಳೆಲ್ಲ ಹೊರಗೆ ಕೂತ್ರೆ ಊರಾಗೆ ಏನಂತಾರೆ? ಒಳಗೆ ಕೂತ್ರೆ ನಾನು ಬಿಡಲ್ಲ ಅಂತೀಯ. ಹಂಗಾರೆ ಎಲ್ಲಿ ಕೂತ್ಕಂತೀಯ?”

 ಮಧ್ಯಾಹ್ನದ ಊಟವೂ ಆಗಿಲ್ಲ ಎಂದು ದುರ್ಗಾಂಬಿಕಾಳಿಗೆ ಆಗ ನೆನಪಾಯಿತು.

ಕೇಳದೆಯೇ ಭೀಮಕ್ಕ ಒಳಗಿಂದ ಅನ್ನಸಾರಿನ ತಟ್ಟೆ ತಂದಳು. ರೂಢಿಯಂತೆ ಕೋಣೆಯ ಹೊಸ್ತಿಲಿನಿಂದ ಒಂದು ಮಾರು ದೂರದಲ್ಲಿ ನೆಲದ ಮೇಲಿಟ್ಟಳು. ಇಟ್ಟವಳು ನಿಂತು ಯೋಚಿಸಿ, ತಟ್ಟೆಯನ್ನು ಮತ್ತೆ ಎತ್ತಿಕೊಂಡು ಸೊಸೆಯ ಕೈಗೇ ಕೊಡಲು ಬಾಗಿದಳು. ದುರ್ಗಾಂಬಿಕಾ ಎರಡೂ ಕೈ ಚಾಚಿದಳು. ಗೋಡೆಯಾಚೆ ವನಜಾಕ್ಷಿ ಕೆಮ್ಮಿದ್ದು ಕೇಳಿಸಿತು. ಭೀಮಕ್ಕನ ಕೈ ಹೊಸ್ತಿಲ ಮೇಲೆ ನಿಂತಿತು. ಓರೆಯಾದ ತಟ್ಟೆಯಿಂದ ಸಾರು ಅವಳ ಒಳ್ಳೆಯ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು.